ರಿಜಿಸ್ಟರಿನಿಂದ ಹೆಸರು ತೆಗೆಯುವುದು ಅಂದರೆ ಏನು: ಮೆಡಿಕಲ್ ಕೌನ್ಸಿಲ್ ಬಗ್ಗೆ ಟಿಪ್ಪಣಿ

ಎಂಬಿಬಿಎಸ್‌ನ ಫೊರೆನ್ಸಿಕ್ (ಕಾನೂನು ವೈದ್ಯಶಾಸ್ತ್ರ) ಪೇಪರಿನಲ್ಲಿ ಎಥಿಕ್ಸ್, ಅಂದರೆ ವೃತ್ತಿನೀತಿಯ ಭಾಗವನ್ನು ನಮ್ಮಲ್ಲಿ ಹೆಚ್ಚಿನವರು ಪರೀಕ್ಷೆಯ ಹಿಂದಿನ ರಾತ್ರಿಗೆ ಬಿಡುತ್ತಾರೆ. ವಿಷ, ಗಾಯ ಓದುವಷ್ಟು ಆಸೆಯಿಂದ ಇದನ್ನು ಯಾರೂ ಓದುವುದಿಲ್ಲ. ಆದರೆ ನಾಳೆ ನಾವು ಸಹಿ ಹಾಕುವ ಪ್ರತಿ ಚೀಟಿಯ ಹಿಂದೆಯೂ ಈ ಪಾಠವೇ ಇರುತ್ತೆ. ದಾವಣಗೆರೆಯಲ್ಲಿ ಓದುತ್ತಿರುವ, ಕನ್ನಡ ಮಾಧ್ಯಮದಿಂದ ಬಂದ ಗೆಳೆಯರಿಗೆ ಅನುಕೂಲ ಆಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ರಾಜ್ಯದ ಮೆಡಿಕಲ್ ಕೌನ್ಸಿಲ್ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ, ರೋಗಿಗೆ ಪರಿಹಾರದ ದುಡ್ಡನ್ನೂ ಕೊಡಿಸುವುದಿಲ್ಲ. ಪರಿಹಾರ ಬೇಕಾದರೆ ಗ್ರಾಹಕರ ಆಯೋಗ. ಆ ದಾರಿ ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪಿನಿಂದ ಗಟ್ಟಿಯಾಯಿತು. ಅಪರಾಧ ಅನ್ನುವುದಾದರೆ ಪೊಲೀಸ್, ಕೋರ್ಟ್. ಕೌನ್ಸಿಲ್ ಕೈಯಲ್ಲಿರುವುದು ರಿಜಿಸ್ಟರ್, ಅಂದರೆ ನೋಂದಾಯಿತ ಡಾಕ್ಟರುಗಳ ಹೆಸರಿನ ಪಟ್ಟಿ, ಮಾತ್ರ. ಕರ್ನಾಟಕದಲ್ಲಿ ಅದಕ್ಕೆ ಆಧಾರ 1961ರ ನೋಂದಣಿ ಕಾಯ್ದೆ. ಪಿ.ಜೆ. ಬಡಾವಣೆಯ ಯಾವುದಾದರೂ ಕ್ಲಿನಿಕ್ಕಿನ ಔಷಧ ಚೀಟಿ ತೆಗೆದು ನೋಡಿ: ಡಾಕ್ಟರ ಹೆಸರು, ಡಿಗ್ರಿ, ಪಕ್ಕದಲ್ಲೇ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ನಂಬರ್. ಚೀಟಿ, ಸರ್ಟಿಫಿಕೇಟ್, ದುಡ್ಡಿನ ರಸೀದಿ, ಎಲ್ಲದರ ಮೇಲೂ ಆ ನಂಬರ್ ಇರಲೇಬೇಕು ಅಂತ ಡಾಕ್ಟರುಗಳಿಗಾಗಿ ಮಾಡಿದ 2002ರ ನಡತೆ ನಿಯಮಗಳು ಹೇಳುತ್ತವೆ. ಆ ನಂಬರ್ ಹೋದರೆ ಡಿಗ್ರಿ ಗೋಡೆ ಮೇಲೆ ಇದ್ದರೂ ಪ್ರಾಕ್ಟೀಸ್ ಮಾಡುವ ಹಾಗಿಲ್ಲ.

ದೂರು ಬಂದ ಮೇಲೆ ಡಾಕ್ಟರಿಗೆ ತಾನೇ ಬಂದು ಅಥವಾ ವಕೀಲರ ಮೂಲಕ ಹೇಳಿಕೊಳ್ಳಲು ಅವಕಾಶ ಕೊಡಬೇಕು. 6 ತಿಂಗಳೊಳಗೆ ತೀರ್ಮಾನ ಆಗಬೇಕು. ವಿಚಾರಣೆ ನಡೆಯುವಾಗ, ಯಾವ ಚಿಕಿತ್ಸೆ ಬಗ್ಗೆ ದೂರು ಇದೆಯೋ ಅದನ್ನು ಮಾಡದಂತೆ ತಡೆಯಬಹುದು. ತಪ್ಪು ಸಾಬೀತಾದರೆ ಸ್ವಲ್ಪ ಕಾಲಕ್ಕೆ ಅಥವಾ ಶಾಶ್ವತವಾಗಿ ಹೆಸರು ತೆಗೆಯಬಹುದು. ಪಠ್ಯಪುಸ್ತಕದಲ್ಲಿ ಬರುವ 'ಪೀನಲ್ ಇರೇಷರ್' ಇದೇ. 2002ರ ನಿಯಮಗಳ ಏಳನೇ ಅಧ್ಯಾಯದಲ್ಲಿ ತಪ್ಪುಗಳ ಪಟ್ಟಿ ಇದೆ, ಆದರೆ ಆ ಪಟ್ಟಿ ಪೂರ್ತಿ ಅಲ್ಲ ಅಂತ ಎಂಟನೇ ಅಧ್ಯಾಯವೇ ಹೇಳುತ್ತೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಇದನ್ನು ಮರೀಬೇಡಿ.

ಆ ಪಟ್ಟಿಯಲ್ಲಿ ನಮಗೆ ತೀರಾ ಹತ್ತಿರದ್ದು ಸುಳ್ಳು ಸರ್ಟಿಫಿಕೇಟ್. ಅಟೆಂಡೆನ್ಸ್ ಕಮ್ಮಿ ಆಯ್ತು, ಒಂದು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಿಕೊಡಿ ಅಣ್ಣಾ, ಟೈಫಾಯ್ಡ್ ಅಂತ ಬರೆಸಿದರೆ ಸಾಕು ಅಂತ ಜೂನಿಯರ್‌ಗಳು ಸಲೀಸಾಗಿ ಕೇಳಿಬಿಡುತ್ತಾರೆ. ಬರೆದುಕೊಟ್ಟ ಡಾಕ್ಟರಿಗೆ ಅದು ದುರ್ನಡತೆ. ಕೊಡುವ ಪ್ರತಿ ಸರ್ಟಿಫಿಕೇಟನ್ನೂ ಒಂದು ಪುಸ್ತಕದಲ್ಲಿ ಬರೆದು, ರೋಗಿಯ ಸಹಿ ಇಲ್ಲವೇ ಹೆಬ್ಬೆಟ್ಟು, ವಿಳಾಸ, ಮೈಮೇಲಿನ ಒಂದು ಗುರುತು ತೆಗೆದುಕೊಂಡು, ನಕಲು ಇಟ್ಟುಕೊಳ್ಳಬೇಕು ಅಂತ ನಿಯಮ ಇದೆ. ಹೀಗೆ ಬರೆದಿಡುವವನು ಸುಮ್ನೆ ಸುಳ್ಳು ಬರೆದುಕೊಡಲು ನಾಲ್ಕು ಸಲ ಯೋಚಿಸುತ್ತಾನೆ. ಹಾಗೇ ಜಗಳೂರಿಂದಲೋ ಹೊಳಲ್ಕೆರೆಯಿಂದಲೋ ಬಂದ ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 'ನಾಳೆ ಬನ್ನಿ' ಅಂತ ವಾರಗಟ್ಟಲೆ ಓಡಾಡಿಸುವುದೂ ತಪ್ಪೇ.

ಈಗ ಮುಖ್ಯ ಪ್ರಶ್ನೆ. ಅದೇ ಡಾಕ್ಟರ್ ಅದೇ ತಪ್ಪು ಮತ್ತೆ ಮಾಡಿದರೆ? 2002ರ ನಿಯಮಗಳಲ್ಲಿ ಮೊದಲ ಸಲಕ್ಕೆ ಇಷ್ಟು, ಎರಡನೇ ಸಲಕ್ಕೆ ಇಷ್ಟು ಅನ್ನುವ ಲೆಕ್ಕ ಇಲ್ಲ. ಎಷ್ಟು ಶಿಕ್ಷೆ ಅನ್ನುವುದು ಕೌನ್ಸಿಲ್ ವಿವೇಚನೆಗೆ ಬಿಟ್ಟದ್ದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ಮಾತ್ರ ಲೆಕ್ಕ ಸ್ಪಷ್ಟ. ಕೋರ್ಟು ಆರೋಪ ಹೊರಿಸಿದರೆ ಕೇಸು ಮುಗಿಯುವವರೆಗೆ ನೋಂದಣಿ ಅಮಾನತು ಮಾಡಬಹುದು. ಶಿಕ್ಷೆಯಾದರೆ ಮೊದಲ ಅಪರಾಧಕ್ಕೆ 5 ವರ್ಷ ಹೆಸರು ಇರುವುದಿಲ್ಲ, ಮತ್ತೆ ಮಾಡಿದರೆ ಶಾಶ್ವತವಾಗಿ ಇಲ್ಲ. ಜೈಲು ಕೂಡ 3 ವರ್ಷದವರೆಗೆ ಇದ್ದದ್ದು 5ಕ್ಕೆ ಏರುತ್ತೆ, ದಂಡ 10,000ದಿಂದ 50,000 ರೂಪಾಯಿಗೆ. ನನ್ನ ಪ್ರಕಾರ ಮಿಕ್ಕ ತಪ್ಪುಗಳಿಗೂ ಇಂಥ ಮೆಟ್ಟಿಲು ಬೇಕು. ಎಚ್ಚರಿಕೆ ಕೊಟ್ಟು ಬಿಟ್ಟ ಹಳೆಯ ಕೇಸು ಹೊಸ ಕೇಸಿನ ಫೈಲಿಗೆ ಬಂದು ಸೇರದಿದ್ದರೆ, ಎರಡನೇ ತಪ್ಪೂ ಮೊದಲನೆಯದರಂತೆಯೇ ಕಾಣುತ್ತೆ, ಅಲ್ವಾ? ಹೆಸರು ತೆಗೆದರೆ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು ಅಂತ ನಿಯಮ ಇದೆ. ಅದನ್ನು ನಿಜವಾಗಿ ಪಾಲಿಸಿದರೆ ದಂಡಕ್ಕಿಂತ ಅದರ ಭಯವೇ ಜಾಸ್ತಿ, ಯಾಕಂದರೆ ನಮ್ಮಂಥ ಊರಿನಲ್ಲಿ ಡಾಕ್ಟರ ಬಂಡವಾಳ ಜನರ ನಂಬಿಕೆಯೇ.

2023ರ ಆಗಸ್ಟ್ 2ರಂದು ಡಾಕ್ಟರ ನಡತೆ ಬಗ್ಗೆ ಹೊಸ ನಿಯಮಗಳು ಬಂದವು, ಅದೇ ತಿಂಗಳ 23ಕ್ಕೆ ತಡೆಹಿಡಿದರು. ಆಮೇಲೆ ಮತ್ತೆ 2002ರದ್ದೇ ಚಾಲ್ತಿಗೆ ಬಂತು. ಹಳೆ ನೋಟ್ಸ್ ಓದುವಾಗ ಇದನ್ನು ನೋಡಿಕೊಳ್ಳಿ.

ಮೇಲ್ಮನವಿ ವಿಷಯದಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. 2002ರ ನಿಯಮದಲ್ಲಿ ನೊಂದ ಯಾರೇ ಆದರೂ 60 ದಿನದೊಳಗೆ ಮೇಲೆ ಹೋಗಬಹುದು ಅಂತಿತ್ತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಸೆಕ್ಷನ್ ಡಾಕ್ಟರನ್ನು ಮಾತ್ರ ಹೆಸರಿಸುತ್ತೆ, ರೋಗಿಯನ್ನು ಹೇಳುವುದಿಲ್ಲ. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ದೂರು ಕೊಟ್ಟವರಿಗೇ ಬಾಗಿಲು ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು?

ಕೊನೆಗೆ ನಕಲಿ ಡಾಕ್ಟರ್. ಅವನ ಹೆಸರು ರಿಜಿಸ್ಟರಿನಲ್ಲೇ ಇಲ್ಲ, ಹಾಗಾಗಿ ತೆಗೆಯಲು ಕೌನ್ಸಿಲ್ ಹತ್ತಿರ ಏನೂ ಇಲ್ಲ. ಅಲ್ಲಿ 2019ರ ಕಾಯ್ದೆಯ 34ನೇ ಸೆಕ್ಷನ್ ಬರುತ್ತೆ: 1 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.