ಯಂಗ್‌ಸ್ಟೌನ್: ಕುಲುಮೆ ಆರಿದ ಮೇಲೆ ಹುಲ್ಲು ಕತ್ತರಿಸಿದವರು

ಪಕ್ಕದ ಮನೆ ಖಾಲಿ ಬಿದ್ದು ವರ್ಷಗಳಾಗಿವೆ. ಮಾಲೀಕ ಎಲ್ಲಿದ್ದಾನೋ ಗೊತ್ತಿಲ್ಲ. ಬ್ಯಾಂಕು ಅದು ನಮ್ಮದಲ್ಲ ಅನ್ನುತ್ತದೆ. ಅಂಗಳದ ಹುಲ್ಲು ಸೊಂಟದವರೆಗೆ ಬೆಳೆದಿದೆ. ಅದನ್ನು ಕತ್ತರಿಸಬೇಕಾದವರು ಯಾರು?

ಅಮೆರಿಕದ ಒಹಾಯೋ ರಾಜ್ಯದ ಯಂಗ್‌ಸ್ಟೌನ್ ನಗರ ಈ ಪ್ರಶ್ನೆಗೆ 40 ವರ್ಷಕ್ಕೂ ಹೆಚ್ಚು ಕಾಲ ಉತ್ತರ ಹುಡುಕಿದೆ. 1930ರಲ್ಲಿ ಅಲ್ಲಿ 1 ಲಕ್ಷ 70 ಸಾವಿರ ಜನ ಇದ್ದರು. 2020ರ ಜನಗಣತಿಯಲ್ಲಿ ಸಿಕ್ಕವರು 60,068. ಮೂವರಲ್ಲಿ ಇಬ್ಬರು ಹೋದರು ಅಂತ ಲೆಕ್ಕ. ಆದರೆ ಜನ ಹೋದರೂ ಮನೆ, ರಸ್ತೆ, ಚರಂಡಿ, ದೀಪದ ಕಂಬಗಳು ಎದ್ದು ಹೋಗುವುದಿಲ್ಲವಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ.

ಮಹೋನಿಂಗ್ ನದಿಯ ದಡದುದ್ದಕ್ಕೂ ಮೈಲಿಗಟ್ಟಲೆ ಉಕ್ಕಿನ ಕಾರ್ಖಾನೆಗಳಿದ್ದವು. ಅವು ಬಿಡುತ್ತಿದ್ದ ಬಿಸಿನೀರಿನಿಂದ ಚಳಿಗಾಲದಲ್ಲೂ ನದಿ ಹೆಪ್ಪುಗಟ್ಟುತ್ತಿರಲಿಲ್ಲ. ಊರಿನ ದೊಡ್ಡ ಕಂಪನಿ ಯಂಗ್‌ಸ್ಟೌನ್ ಶೀಟ್ ಅಂಡ್ ಟ್ಯೂಬ್. 1900ರಲ್ಲಿ ಊರಿನವರೇ ಹಣ ಹಾಕಿ ಕಟ್ಟಿದ್ದು. ಹಾಗಂತ ಅದೇನೂ ಧರ್ಮಛತ್ರ ಆಗಿರಲಿಲ್ಲ. 1916ರ ಜನವರಿಯಲ್ಲಿ ಮುಷ್ಕರ ನಡೆದಾಗ ಕಾವಲುಗಾರರು ಗುಂಡು ಹಾರಿಸಿದರು. ಸಿಟ್ಟಿಗೆದ್ದ ಜನ ಪಕ್ಕದ ಈಸ್ಟ್ ಯಂಗ್‌ಸ್ಟೌನ್ ಊರಿನ ಪೇಟೆಗೆ ಬೆಂಕಿ ಇಟ್ಟರು. ಆ ಊರಿಗೆ ಆಮೇಲೆ ಕಂಪನಿಯ ಮುಖ್ಯಸ್ಥರ ಹೆಸರನ್ನೇ ಇಟ್ಟು ಕ್ಯಾಂಬೆಲ್ ಎಂದು ಕರೆದರು. ಗಲಾಟೆಯಾದ ಮೇಲೆ ಕಂಪನಿ ಕಾರ್ಮಿಕರಿಗಾಗಿ ಸಾಲು ಸಾಲು ಕಾಂಕ್ರೀಟ್ ಮನೆಗಳನ್ನೂ ಕಟ್ಟಿಸಿತು. ಪ್ರೀತಿಯೋ ಭಯವೋ, ಮನೆಯಂತೂ ಸಿಕ್ಕಿತು.

ಹೀಗೆ ಕಾರ್ಖಾನೆ ಅಂದರೆ ಬರೀ ಸಂಬಳ ಆಗಿರಲಿಲ್ಲ. ಯೂನಿಯನ್ ಹಾಲ್‌ನಲ್ಲಿ ಚುನಾವಣೆಯ ಮಾತು ನಡೆಯುತ್ತಿತ್ತು. ಸಂಬಳದ ಒಂದು ಪಾಲು ಚರ್ಚಿಗೆ ಹೋಗುತ್ತಿತ್ತು. ಪಾಳಿ ಮುಗಿಸಿದವರು ಒಂದೇ ಬೀದಿಗೆ ವಾಪಸಾಗುತ್ತಿದ್ದರು. ನಾಗರಿಕ ಬದುಕು ಅಂತ ದೊಡ್ಡ ಹೆಸರು ಕೊಡುತ್ತೇವಲ್ಲ, ಅದರ ಬೇರೆಲ್ಲ ಕುಲುಮೆಯ ಸುತ್ತಲೇ ಇತ್ತು.

1969ರಲ್ಲಿ ಶೀಟ್ ಅಂಡ್ ಟ್ಯೂಬ್ ಅನ್ನು ಲೈಕ್ಸ್ ಎಂಬ ಕಂಪನಿ ಕೊಂಡಿತು. ಅದು ದೂರದ ನ್ಯೂ ಆರ್ಲಿಯನ್ಸ್‌ನದು, ಹಡಗಿನ ವ್ಯಾಪಾರದ್ದು. ಹಳೇ ಯಂತ್ರಗಳಿಗೆ ಬೇಕಾದ ಹಣ ಹಾಕಲಿಲ್ಲ ಎಂಬುದು ಕಾರ್ಮಿಕರ ದೂರು. ಹೊರಗಿಂದ ಅಗ್ಗದ ಉಕ್ಕು ಬರುತ್ತಿದ್ದುದೂ ನಿಜ. 1977ರ ಸೆಪ್ಟೆಂಬರ್ 19, ಸೋಮವಾರ, ಕ್ಯಾಂಬೆಲ್ ಕಾರ್ಖಾನೆಯ ಬಹುಭಾಗ ಮುಚ್ಚುತ್ತೇವೆ ಅಂತ ಕಂಪನಿ ಹೇಳಿತು. ಒಂದೇ ಏಟಿಗೆ ಸುಮಾರು 5,000 ಕೆಲಸ ಹೋಯಿತು. ಊರಿನವರು ಆ ದಿನವನ್ನು ಇವತ್ತಿಗೂ ಕಪ್ಪು ಸೋಮವಾರ ಅನ್ನುತ್ತಾರೆ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಂದ ನೇರ ಪಾಳು ಮನೆಗಳ ಫೋಟೋಕ್ಕೆ ಹಾರಿಸಿಬಿಡುತ್ತಾರೆ. ನಡುವೆ ಆದದ್ದೇ ನನಗೆ ಮುಖ್ಯ ಅನ್ನಿಸುತ್ತದೆ. ಊರು ಸುಮ್ನೆ ಕೂರಲಿಲ್ಲ. ಕ್ಯಾಥೊಲಿಕ್ ಬಿಷಪ್ ಜೇಮ್ಸ್ ಮಲೋನ್ ಸೇರಿ ಬೇರೆ ಬೇರೆ ಪಂಥಗಳ ಧರ್ಮಗುರುಗಳು ಒಂದಾಗಿ ಒಕ್ಕೂಟ ಕಟ್ಟಿದರು. ಕಾರ್ಖಾನೆಯನ್ನು ಊರೇ ಕೊಂಡು ನಡೆಸಲಿ ಎಂಬುದು ಅವರ ಯೋಚನೆ. ಅದಕ್ಕಾಗಿ ಜನ ತಮ್ಮ ಉಳಿತಾಯದ ದುಡ್ಡನ್ನು 'ಸೇವ್ ಅವರ್ ವ್ಯಾಲಿ' ಎಂಬ ಖಾತೆಗಳಲ್ಲಿ ಇಟ್ಟರು. ಕೆಲಸ ಕಳೆದುಕೊಂಡ ಊರೊಂದು ಕೂಡಿಟ್ಟ ಹಣವನ್ನೇ ತಂದು ಇಡುವುದು ಸಣ್ಣ ಮಾತಲ್ಲ. ಆದರೆ ಹಳೇ ಕಾರ್ಖಾನೆಯನ್ನು ಹೊಸದು ಮಾಡಲು ಬೇಕಿದ್ದದ್ದು ಕೋಟಿಗಟ್ಟಲೆ ಡಾಲರ್. ಸಾಲಕ್ಕೆ ಜಾಮೀನು ನಿಲ್ಲಲು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸರ್ಕಾರ 1979ರಲ್ಲಿ ಒಪ್ಪಲಿಲ್ಲ. ಕಥೆ ಅಲ್ಲಿಗೆ ನಿಂತಿತು.

ಅದೇ ವರ್ಷ ಯುಎಸ್ ಸ್ಟೀಲ್ ಎಂಬ ಇನ್ನೊಂದು ಉಕ್ಕಿನ ಕಂಪನಿ ಕೂಡ ತನ್ನ ಯಂಗ್‌ಸ್ಟೌನ್ ಕಾರ್ಖಾನೆಗಳನ್ನು ಮುಚ್ಚುವುದಾಗಿ ಹೇಳಿತು. 1980ರ ಜನವರಿಯಲ್ಲಿ ಕಾರ್ಮಿಕರು ಮೆರವಣಿಗೆ ಹೋಗಿ ಊರಿನಲ್ಲಿದ್ದ ಕಂಪನಿ ಕಚೇರಿಯ ಒಳಗೇ ಕೂತರು. ಕೋರ್ಟಿಗೂ ಹೋದರು. ಅಲ್ಲೊಂದು ವಿಚಿತ್ರ ಗಳಿಗೆ. ಇಷ್ಟು ವರ್ಷಗಳ ನಂಟಿನಿಂದ ಊರಿಗೆ ಕಾರ್ಖಾನೆಯ ಮೇಲೆ ಏನಾದರೂ ಹಕ್ಕು ಹುಟ್ಟಿರಬಹುದಲ್ಲವೇ ಅಂತ ನ್ಯಾಯಾಧೀಶ ಥಾಮಸ್ ಲ್ಯಾಂಬ್ರಾಸ್ ಅವರೇ ಕೇಳಿದರು. ಕೊನೆಗೆ ಅಂಥ ಹಕ್ಕು ಕಾನೂನಿನಲ್ಲಿ ಇಲ್ಲ ಅಂತ ಅವರೇ ತೀರ್ಪು ಕೊಟ್ಟರು. ಮೇಲಿನ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. 1982ರ ಏಪ್ರಿಲ್‌ನಲ್ಲಿ ಆ ಕಂಪನಿಯ ಕುಲುಮೆಗಳಿಗೆ ಡೈನಮೈಟ್ ಇಟ್ಟು ಬೀಳಿಸಿದರು. ದೊಡ್ಡ ಕಾರ್ಖಾನೆ ಮುಚ್ಚುವ ಮೊದಲು 60 ದಿನಗಳ ನೋಟಿಸ್ ಕೊಡಬೇಕು ಎಂಬ ಕಾನೂನು ಅಮೆರಿಕಕ್ಕೆ ಬಂದದ್ದು 1988ರಲ್ಲಿ. ಈ ಊರಿಗೆ ಅದರಿಂದ ಏನೂ ದಕ್ಕಲಿಲ್ಲ.

ಆಮೇಲಿನದು ಮನೆಗಳ ಸರದಿ. ಕೆಲಸ ಇಲ್ಲದವರು ಸಾಲದ ಕಂತು ಕಟ್ಟಲಾಗದೆ ಮನೆ ಬಿಡುವ ಸ್ಥಿತಿ. ಆಗ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಶೆರಿಫ್ (ಪೊಲೀಸ್ ಮುಖ್ಯಸ್ಥ) ಆಗಿದ್ದ ಜೇಮ್ಸ್ ಟ್ರಾಫಿಕಂಟ್ ಜಪ್ತಿಯ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದ. ಅದಕ್ಕೆ ಜೈಲಿಗೂ ಹೋಗಿಬಂದ. ಊರಿಗೆ ಹೀರೋ ಆದ, 1984ರಲ್ಲಿ ಸಂಸತ್ತಿಗೆ ಆಯ್ಕೆಯಾದ. ಮುಂದೆ 2002ರಲ್ಲಿ ಭ್ರಷ್ಟಾಚಾರದ ಅಪರಾಧ ಸಾಬೀತಾಗಿ ಅಲ್ಲಿಂದ ಹೊರದಬ್ಬಿಸಿಕೊಂಡ. ಊರಿನ ಕೆಲವರಿಗೆ ಆತ ಆಮೇಲೂ ನಮ್ಮವನೇ. ತಪ್ಪೋ ಸರಿಯೋ, ಬಾಗಿಲಿಗೆ ಬಂದು ನಿಂತ ಒಬ್ಬನೇ ಅಧಿಕಾರಿಯನ್ನು ಜನ ಸುಲಭಕ್ಕೆ ಮರೆಯುವುದಿಲ್ಲ.

ಕೆಲಸ ತರುವ ನೆಪದಲ್ಲಿ 1990ರ ದಶಕದಲ್ಲಿ ಜೈಲುಗಳು ಬಂದವು. 1997ರಲ್ಲಿ ತೆರೆದ ಖಾಸಗಿ ಜೈಲಿನಿಂದ ಮರುವರ್ಷವೇ ಹಗಲಲ್ಲೇ ಆರು ಕೈದಿಗಳು ಓಡಿಹೋದರು. ಅದರ ಬಗ್ಗೆ ಇಷ್ಟು ಸಾಕು.

2000ದ ಹೊತ್ತಿಗೆ ಜನಸಂಖ್ಯೆ 82 ಸಾವಿರಕ್ಕೆ ಇಳಿದಿತ್ತು. ಆಗ ನಗರಸಭೆ ಮತ್ತು ಯಂಗ್‌ಸ್ಟೌನ್ ಸ್ಟೇಟ್ ಯೂನಿವರ್ಸಿಟಿ ಸೇರಿ ಹೊಸ ಯೋಜನೆಗೆ ಕೈಹಾಕಿದವು. ಹೆಸರು 'ಯಂಗ್‌ಸ್ಟೌನ್ 2010'. ಒಂದು ಸಭೆಗೆ ಸಾವಿರಕ್ಕೂ ಜಾಸ್ತಿ ಜನ ಬಂದರು. 2005ರಲ್ಲಿ ಒಪ್ಪಿಗೆ ಪಡೆದ ಆ ಯೋಜನೆಯ ಮೊದಲ ಮಾತೇ ನಮ್ಮದು ಇನ್ನು ಸಣ್ಣ ಊರು, ಅದನ್ನು ಒಪ್ಪಿಕೊಳ್ಳೋಣ ಎಂಬುದು. ಅದೇ ವರ್ಷ ಮೇಯರ್ ಆಗಿ ಗೆದ್ದ ಜೇ ವಿಲಿಯಮ್ಸ್ ಇದನ್ನೇ ಹೇಳುತ್ತಾ ತಿರುಗಿದರು. ಎಲ್ಲಾ ಊರುಗಳ ಮೇಯರ್‌ಗಳೂ ಬೆಳವಣಿಗೆಯ ಮಾತಾಡುವಾಗ ಒಬ್ಬ ಮೇಯರ್ ಕುಗ್ಗೋಣ ಅಂದದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಪ್ರಶಸ್ತಿಯೂ ಬಂತು.

ಯೋಚನೆ ಪ್ರಾಮಾಣಿಕವಾದದ್ದು, ಅನುಮಾನ ಇಲ್ಲ. ಆದರೆ ಎರಡು ಕಡೆ ಕೈಕೊಟ್ಟಿತು. ಜನಸಂಖ್ಯೆ 80 ಸಾವಿರದ ಹತ್ತಿರ ನಿಲ್ಲುತ್ತದೆ ಅಂದುಕೊಂಡಿದ್ದರು. 2010ರಲ್ಲಿ ಎಣಿಸಿದಾಗ ಇದ್ದವರು 66,982. ಇನ್ನೊಂದು, ಒಂದೆರಡು ಮನೆ ಮಾತ್ರ ಉಳಿದ ಬೀದಿಯವರಿಗೆ ಹಣ ಕೊಟ್ಟು ಬೇರೆ ಕಡೆ ಕಳಿಸುವ ಯೋಚನೆ. ಜನ ಅಲುಗಲಿಲ್ಲ. ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನಿದೆ? ಊರೇ ಬಿಟ್ಟು ಹೋದಾಗಲೂ ಮನೆ ಬಿಡದೆ ಕೂತವರು ಅವರು. ನಕ್ಷೆ ನೋಡಿ ಎದ್ದು ಹೋಗುತ್ತಾರಾ?

ಈಗ ಮತ್ತೆ ಆ ಹುಲ್ಲಿಗೆ ಬರೋಣ. ನಗರಸಭೆಗೆ ಅದನ್ನು ಕತ್ತರಿಸುವುದು ಕಷ್ಟ ಯಾಕೆ ಅಂದರೆ, ಆ ಜಾಗ ಅದರದ್ದಲ್ಲ. ಮಾಲೀಕ ಸತ್ತಿರಬಹುದು, ಊರು ಬಿಟ್ಟಿರಬಹುದು. ಎಲ್ಲೋ ಕೂತು ಹತ್ತಾರು ಮನೆಗಳನ್ನು ಒಟ್ಟಿಗೆ ಕೊಂಡ ವ್ಯಾಪಾರಿಯೂ ಆಗಿರಬಹುದು. ಕಂದಾಯ ವರ್ಷಗಟ್ಟಲೆ ಬಾಕಿ. ಮನೆಯ ಬೆಲೆಗಿಂತ ಬಾಕಿಯೇ ಹೆಚ್ಚಾದರೆ ಯಾರೂ ಕೊಳ್ಳುವುದಿಲ್ಲ, ಯಾರೂ ರಿಪೇರಿ ಮಾಡುವುದಿಲ್ಲ. ಒಹಾಯೋ ರಾಜ್ಯ 2009ರಲ್ಲಿ ಇದಕ್ಕೆ ಕಾನೂನು ಮಾಡಿತು. ಮೊದಲು ಕ್ಲೀವ್‌ಲ್ಯಾಂಡ್ ಇರುವ ಕೌಂಟಿಗೆ, ಆಮೇಲೆ ಬೇರೆ ಕೌಂಟಿಗಳಿಗೂ ಲ್ಯಾಂಡ್ ಬ್ಯಾಂಕ್ ಕಟ್ಟಲು ಅವಕಾಶ ಸಿಕ್ಕಿತು. ಕಂದಾಯ ಕಟ್ಟದೆ ಬಿಟ್ಟ ಆಸ್ತಿಯನ್ನು ಅದು ವಶಕ್ಕೆ ತೆಗೆದುಕೊಳ್ಳುತ್ತದೆ, ಹಳೇ ಬಾಕಿ ಅಳಿಸುತ್ತದೆ. ಆಮೇಲೆ ಮನೆಯನ್ನು ಕೆಡವಬಹುದು, ಇಲ್ಲವೇ ಪಕ್ಕದ ಮನೆಯವರಿಗೇ ಆ ಸೈಟನ್ನು ಕಡಿಮೆ ಬೆಲೆಗೆ ಕೊಡಬಹುದು. ಕೇಳಲು ಸಪ್ಪೆ ವಿಷಯ. ಆದರೆ ಬೀದಿಗಳ ಗಂಟು ಬಿಚ್ಚಿದ್ದು ಇಂಥ ಸಪ್ಪೆ ಕಾಗದಪತ್ರಗಳೇ.

ಅದೇ 2009ರಲ್ಲಿ ಯಂಗ್‌ಸ್ಟೌನ್ ನೈಬರ್‌ಹುಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಲಾಭ ನೋಡದ ಸಂಸ್ಥೆ ಹುಟ್ಟಿತು. ನಗರಸಭೆ ಮತ್ತು ಒಂದು ಸ್ಥಳೀಯ ಪ್ರತಿಷ್ಠಾನ ಸೇರಿ ಕಟ್ಟಿದ್ದು. ಇಡೀ ಊರನ್ನು ಎತ್ತಿಕೊಳ್ಳದೆ ಇಡೋರಾ ಎಂಬ ಬಡಾವಣೆಯಿಂದ ಶುರು ಮಾಡಿತು. ಇಡೋರಾ ಪಾರ್ಕ್ ಅಂದರೆ ಆ ಊರಿನ ಜಾತ್ರೆ ಇದ್ದ ಹಾಗೆ, ಕಾರ್ಮಿಕ ಕುಟುಂಬಗಳು ರಜೆಯಲ್ಲಿ ಹೋಗುತ್ತಿದ್ದ ಮನರಂಜನಾ ತಾಣ. 1984ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಅದರ ಹೆಸರಾಂತ ರೋಲರ್ ಕೋಸ್ಟರ್ ಸುಟ್ಟಿತು. ಅದೇ ವರ್ಷ ಪಾರ್ಕೂ ಮುಚ್ಚಿತು. ಸುತ್ತಲ ಬೀದಿಗಳೂ ಅದರ ಜೊತೆ ಸೊರಗಿದವು.

ಸಂಸ್ಥೆಯ ಕೆಲಸದಲ್ಲಿ ಕಣ್ಣು ಕೋರೈಸುವಂಥದ್ದು ಏನೂ ಇಲ್ಲ. ಸ್ವಯಂಸೇವಕರು ಸೇರಿ ಪಾಳು ಮನೆಯ ಕಿಟಕಿ ಬಾಗಿಲಿಗೆ ಹಲಗೆ ಹೊಡೆಯುತ್ತಾರೆ. ಪೊದೆ ಕಡಿಯುತ್ತಾರೆ, ಕಸ ಎತ್ತುತ್ತಾರೆ. ರಿಪೇರಿ ಆಗುವಂಥ ಮನೆಯನ್ನು ಸರಿಮಾಡಿ, ವಾಸಕ್ಕೆ ಬರುವವರಿಗೆ ಮಾರುತ್ತಾರೆ. ಖಾಲಿ ಸೈಟುಗಳಲ್ಲಿ ತೋಟ ಮಾಡುತ್ತಾರೆ. ಬೀದಿಯವರ ಸಂಘ ಇಲ್ಲದ ಕಡೆ ಸಂಘ ಕಟ್ಟಲು ಜೊತೆ ನಿಲ್ಲುತ್ತಾರೆ. ಇಲ್ಲಿ ಆರಂಭವಾದದ್ದು ನಿಧಾನಕ್ಕೆ ಬೇರೆ ಬಡಾವಣೆಗಳಿಗೂ ಹಬ್ಬಿತು. ದೊಡ್ಡ ಯೋಜನೆಗಿಂತ ಇದೇ ಜಾಸ್ತಿ ಬಾಳಿಕೆ ಬಂತು ಎಂಬುದು ನನ್ನ ಅಂದಾಜು. ಕಾರಣ ಸರಳ. ಯೋಜನೆ ಊರಿಗೆ ಎಷ್ಟು ಜನ ಇರಬೇಕು ಅಂತ ಕೇಳಿತು. ಇವರು ಈ ಬೀದಿಯಲ್ಲಿ ಯಾರಿದ್ದಾರೆ ಅಂತ ಕೇಳಿದರು.

ಪೆಟ್ಟು ಬೀಳುವುದೇನೂ ನಿಂತಿಲ್ಲ. 2019ರ ಮಾರ್ಚ್‌ನಲ್ಲಿ ಹತ್ತಿರದ ಲಾರ್ಡ್ಸ್‌ಟೌನ್‌ನಲ್ಲಿ ಜನರಲ್ ಮೋಟಾರ್ಸ್ ಕಾರು ಮಾಡುವುದನ್ನು ನಿಲ್ಲಿಸಿತು. ಅದೇ ವರ್ಷ ಆಗಸ್ಟ್ ಕೊನೆಗೆ 150 ವರ್ಷದ 'ವಿಂಡಿಕೇಟರ್' ಪತ್ರಿಕೆ ಮುಚ್ಚಿತು. ಪಕ್ಕದ ವಾರೆನ್ ಊರಿನ ಪತ್ರಿಕೆ ಆ ಹೆಸರು ಕೊಂಡು ಯಂಗ್‌ಸ್ಟೌನ್‌ಗೆ ಒಂದು ಆವೃತ್ತಿ ತರುತ್ತಿದೆ. ಕಾರು ಕಾರ್ಖಾನೆ ಹೋದಾಗ ದೇಶದ ರಾಜಕಾರಣಿಗಳೆಲ್ಲ ಮಾತಾಡಿದರು. ನಗರಸಭೆಯ ಮೀಟಿಂಗ್‌ನಲ್ಲಿ ಕೂತು ಬರೆಯುವ ವರದಿಗಾರರು ಕಡಿಮೆಯಾದರೆ ಖಾಲಿ ಮನೆಗಳ ಲೆಕ್ಕ ಕೇಳುವವರು ಯಾರು ಎಂಬುದು ಅಷ್ಟು ಚರ್ಚೆಯಾಗಲಿಲ್ಲ.

ಕ್ಯಾಂಬೆಲ್‌ನಲ್ಲಿ 1916ರ ಬೆಂಕಿಯ ನಂತರ ಕಟ್ಟಿದ ಕಾಂಕ್ರೀಟ್ ಮನೆಗಳ ಸಾಲು ಇನ್ನೂ ನಿಂತಿದೆ. ಕೆಲವಕ್ಕೆ ಚಾವಣಿ ಇಲ್ಲ, ಒಳಗೆ ಮರ ಬೆಳೆದಿದೆ. ಕೆಲವದರಲ್ಲಿ ಜನ ವಾಸ ಇದ್ದಾರೆ. ಒಂದು ಚಿಕ್ಕ ಗುಂಪು ಅವುಗಳನ್ನು ಒಂದೊಂದಾಗಿ ಕೊಂಡು, ಗೋಡೆ ಕೆರೆದು, ಕಿಟಕಿ ಕೂರಿಸಿ ಸರಿಮಾಡಲು ಇಳಿಯಿತು. ಕಟ್ಟಿಸಿದ ಕಂಪನಿ ಇಲ್ಲ, ಎದುರಿಗಿದ್ದ ಕಾರ್ಖಾನೆಯೂ ಇಲ್ಲ. ಗೋಡೆ ಮಾತ್ರ ಗಟ್ಟಿಯಾಗಿದೆ.