ಪರಕೀಯ ಪರಾಗಸ್ಪರ್ಶ: ತೊಗರಿ ಹೊಲದಲ್ಲಿ ಜೇನಿನ ಕೆಲಸ

ಶಾಲೆಯ ಪುಸ್ತಕದಲ್ಲಿ ಈ ಪದ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಒಂದು ಗಿಡದ ಪರಾಗ ಅದೇ ಜಾತಿಯ ಇನ್ನೊಂದು ಗಿಡದ ಹೂವಿನ ಶಲಾಕಾಗ್ರ, ಅಂದರೆ ಹೆಣ್ಣು ಭಾಗದ ತುದಿ, ಸೇರುವುದು. ‘ಪರಕೀಯ’ ಅನ್ನುವುದು ತುಸು ದೊಡ್ಡ ಮಾತೇ ಆಯಿತು. ಬಹುಪಾಲು ಪರಾಗ ಬರುವುದು ಪಕ್ಕದ ಸಾಲಿನಿಂದ, ತಪ್ಪಿದರೆ ಪಕ್ಕದ ಹೊಲದಿಂದ.

ಬೇಳೆಕಾಳುಗಳಲ್ಲಿ ಹೆಸರು, ಉದ್ದು, ಕಡಲೆಗೆ ಇದರ ಗೊಡವೆ ಕಡಿಮೆ. ಹೂವು ಬಿರಿಯುವ ಮೊದಲೇ ಒಳಗಿನ ಕೆಲಸ ಮುಗಿದಿರುತ್ತದೆ. ತೊಗರಿಯ ಪರಾಗಕೋಶಗಳೂ ಮೊಗ್ಗಿನಲ್ಲೇ ಒಡೆಯುತ್ತವೆ, ಆದರೆ ಅದು ಬಾಗಿಲು ಹಾಕಿಕೊಳ್ಳುವುದಿಲ್ಲ. ಹೂವಿನ ಹಿಂದೆ ಬಾವುಟದಂಥ ದೊಡ್ಡ ಎಸಳು, ಅಕ್ಕಪಕ್ಕ ಎರಡು, ಕೆಳಗೆ ದೋಣಿಯಂತೆ ಕೂಡಿಕೊಂಡ ಇನ್ನೆರಡು. ಹತ್ತು ಕೇಸರಗಳೂ ಶಲಾಕೆಯೂ ಆ ದೋಣಿಯೊಳಗೆ. ಹೆಜ್ಜೇನೋ ಎಲೆ ಕತ್ತರಿಸುವ ಜೇನೋ ಬಂದು ಕೂತರೆ ಭಾರಕ್ಕೆ ದೋಣಿ ಜಗ್ಗುತ್ತದೆ, ಒಳಗಿದ್ದದ್ದು ಹೊರಗೆ ಚಾಚಿ ಜೇನಿನ ಹೊಟ್ಟೆಗೆ ತಾಗುತ್ತದೆ. ಪರಾಗ ಅಂಟಂಟು, ಗಾಳಿಗೆ ಹಾರುವಂಥದ್ದಲ್ಲ. ಹಾಗಾಗಿ ಬೆರಕೆಯ ಪ್ರಮಾಣ ಊರಿನಿಂದ ಊರಿಗೆ ಬೇರೆ. ಸರಾಸರಿ ಶೇ 20ರ ಆಸುಪಾಸು ಅನ್ನುವುದು ರೂಢಿ. ಜೇನು ಹೆಚ್ಚಿದ್ದಲ್ಲಿ ಅದಕ್ಕಿಂತ ಬಹಳ ಮೇಲೆ ಹೋಗಿದ್ದೂ ಉಂಟು.

ತಳಿ ಕಾಪಾಡುವವರಿಗೆ ಇದು ತಲೆನೋವು. ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿಗೆ ಹೆಸರು ಬಂದದ್ದೇ ಗಿಡವನ್ನು ಬಾಡಿಸಿ ಒಣಗಿಸುವ ನೆಟೆ ರೋಗ ತಡೆಯುವ ಗುಣದಿಂದ. ಪಕ್ಕದಲ್ಲಿ ರೋಗ ತಡೆಯದ ತೊಗರಿ ಹೂಬಿಟ್ಟಿದ್ದರೆ ಜೇನು ಅಲ್ಲಿಂದಲೂ ಪರಾಗ ತರುತ್ತದೆ. ಕಾಳು ನೋಡಿದರೆ ಗೊತ್ತಾಗುವುದಿಲ್ಲ. ಮನೆಯ ಬೀಜವನ್ನೇ ವರ್ಷವರ್ಷ ಬಿತ್ತುತ್ತ ಹೋದರೆ ನೆಟೆ ಬಿದ್ದ ಗಿಡಗಳು ಒಂದೊಂದಾಗಿ ಕಾಣಿಸತೊಡಗುತ್ತವೆ. ‘ತಳಿ ಕೆಟ್ಟಿತು’ ಎಂದು ಬೀಜ ಕೊಟ್ಟವರನ್ನು ಬೈಯುವುದರಲ್ಲಿ ಎಷ್ಟೋ ಪಾಲು ಜೇನಿಗೆ ಸಲ್ಲಬೇಕು! ಸಂಶೋಧನಾ ತಾಕುಗಳಲ್ಲಿ ಗಿಡಕ್ಕೆ ಬಲೆ ಹೊದಿಸುವುದು, ಬೀಜದ ತಾಕನ್ನು ಬೇರೆ ತೊಗರಿಯಿಂದ ದೂರ ಇಡುವುದು ಈ ಕಾರಣಕ್ಕೆ.

ಎರಡು ತಳಿ ಬೆರೆಸಿ ಹೈಬ್ರಿಡ್ ಮಾಡುವವರಿಗೆ ಅದೇ ಜೇನು ಕೂಲಿಯಿಲ್ಲದ ಆಳು. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ರೂಪುಗೊಂಡ ಐಸಿಪಿಎಚ್ 8 ಹೈಬ್ರಿಡ್ 1991ರಲ್ಲಿ ಹೊರಬಂತು. ಬೀಜ ಕಟ್ಟುವ ತಾಯಿ ಸಾಲಿಗೆ ತನ್ನದೇ ಪರಾಗ ಇರಬಾರದು, ಆದರೆ ಅದರ ತಾಯಿ ಸಾಲಿನಲ್ಲಿ ಅರ್ಧದಷ್ಟು ಗಿಡಗಳಿಗೆ ಪರಾಗವಿರುತ್ತಿತ್ತು. ಹೂ ಬಿರಿಯುವ ಮೊದಲು ಒಂದೊಂದನ್ನೂ ಪರೀಕ್ಷಿಸಿ ಪರಾಗವಿದ್ದವನ್ನು ಕೀಳಬೇಕಿತ್ತು. ಆ ಖರ್ಚಿಗೆ ಬೀಜೋತ್ಪಾದನೆ ಸೋತಿತು. ಆಮೇಲೆ ಕಾಡುಬಂಧು ಕಜಾನಸ್ ಕಜಾನಿಫೋಲಿಯಸ್‌ನ ಕೋಶದ್ರವ್ಯ (ಜೀವಕೋಶದಲ್ಲಿ ಕೋಶಕೇಂದ್ರದ ಸುತ್ತಲಿನ ದ್ರವ) ತಂದು ಇಡೀ ತಾಯಿ ಸಾಲೇ ಪರಾಗಹೀನವಾಗುವಂತೆ ಮಾಡಿದರು. ಐಸಿಪಿಎಚ್ 2671 ಹುಟ್ಟಿದ್ದು ಹಾಗೆ. ಈಗ ಗಿಡ ಕೀಳುವ ಕೆಲಸವಿಲ್ಲ. ತಂದೆ ಸಾಲಿನಿಂದ ತಾಯಿ ಸಾಲಿಗೆ ಜೇನು ಓಡಾಡಿದರೆ ಸಾಕು. ಓಡಾಡದಿದ್ದರೆ ತಾಯಿ ಸಾಲು ಕಾಯಿ ಕಟ್ಟದೆ, ಬರೀ ಹೂವನ್ನೇ ಬಿಡುತ್ತ ಹಸಿರಾಗಿ ನಿಂತಿರುತ್ತದೆ.