ಕ್ಲೋಮಿಫೀನ್ ಕಣ್ಣು ಕಟ್ಟಿದ ಮೇಲೆ ಎಲ್‌ಎಚ್ ಏರೋದು ಹೇಗೆ?

ಕ್ಲೋಮಿಫೀನ್ ಅಂದರೆ ಮಕ್ಕಳಾಗದವರಿಗೆ ಅಂಡ ಬಿಡುಗಡೆಯಾಗಲಿ ಅಂತ ಕೊಡೋ ಮಾತ್ರೆ. ಜಿಎನ್‌ಆರ್‌ಎಚ್ ಮೆದುಳಿನ ಹೈಪೊಥಲಾಮಸ್‌ನಿಂದ, ಎಫ್‌ಎಸ್‌ಎಚ್, ಎಲ್‌ಎಚ್ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಬರೋ ಹಾರ್ಮೋನ್‌ಗಳು ಅನ್ನೋದು ನರ್ಸಿಂಗ್‌ನವರಿಗೆಲ್ಲ ಬಾಯಿಪಾಠ, ಅಷ್ಟಕ್ಕೇ ಬಿಡ್ತೀನಿ. ನಾನು ಸಿಕ್ಕಿಹಾಕಿಕೊಂಡ ಒಂದು ಜಾಗ ಇದೆ. ಕೋಲಾರದಲ್ಲಿ ಒಪಿಡಿ ಪೋಸ್ಟಿಂಗ್ ಇದ್ದಾಗ ಶ್ರೀನಿವಾಸಪುರ ಕಡೆಯ ಒಬ್ಬಾಕೆ ಕೇಳಿದರು: "ಸಿಸ್ಟರ್, ಮಾತ್ರೆ ಐದೇ ದಿನ ಕೊಟ್ಟಿದ್ದಾರೆ. ಆಮೇಲೆ ಅದರ ಕೆಲಸ ಮುಗೀತಾ?" ಮದುವೆಯಾಗಿ ಆರು ವರ್ಷ, ಮನೆಯಲ್ಲಿ ದಿನಾ ಮಾತು ಕೇಳ್ತಿದ್ದವರು. ಅವರಿಗೆ ಅರ್ಧ ಉತ್ತರ ಕೊಟ್ಟು ಕಳಿಸಿದ್ದು ಇನ್ನೂ ಚುಚ್ಚುತ್ತೆ.

ನಮ್ಮೂರಿನ ಓವರ್‌ಹೆಡ್ ಟ್ಯಾಂಕ್ ನೆನೆಸಿಕೊಳ್ಳಿ. ನೀರು ಇಳಿದರೆ ವಾಟರ್‌ಮ್ಯಾನ್ ಮೋಟರ್ ಹಾಕ್ತಾನೆ, ತುಂಬಿದರೆ ಆರಿಸ್ತಾನೆ. ನೀರು ಅಂದ್ರೆ ಈಸ್ಟ್ರೊಜನ್ (ಅಂಡಾಶಯ ತಯಾರಿಸೋ ಹೆಣ್ಣಿನ ಹಾರ್ಮೋನ್), ವಾಟರ್‌ಮ್ಯಾನ್ ಹೈಪೊಥಲಾಮಸ್, ಮೋಟರ್ ಪಿಟ್ಯುಟರಿ. ಕ್ಲೋಮಿಫೀನ್ ಹೋಗಿ ಈಸ್ಟ್ರೊಜನ್ ಕೂರಬೇಕಾದ ರಿಸೆಪ್ಟರ್‌ನಲ್ಲಿ ತಾನೇ ಕೂತುಬಿಡುತ್ತೆ. ಟ್ಯಾಂಕಲ್ಲಿ ನೀರಿದ್ದರೂ ವಾಟರ್‌ಮ್ಯಾನ್‌ಗೆ ಕಾಣಲ್ಲ. ಜಿಎನ್‌ಆರ್‌ಎಚ್ ಮಿಡಿತ ಹೆಚ್ಚಾಗುತ್ತೆ, ಎಫ್‌ಎಸ್‌ಎಚ್ ಏರುತ್ತೆ, ಫಾಲಿಕಲ್ (ಅಂಡಾಶಯದಲ್ಲಿ ಅಂಡ ಇರೋ ಪುಟ್ಟ ಚೀಲ) ಬೆಳೆಯುತ್ತೆ. ಸಾಮಾನ್ಯವಾಗಿ ಮುಟ್ಟಿನ 2ರಿಂದ 5ನೇ ದಿನದೊಳಗೆ ಶುರು, ದಿನಕ್ಕೆ 50 ಮಿಗ್ರಾಂ, 5 ದಿನ.

ಇಲ್ಲೇ ನನಗೆ ಗಂಟು ಬಿದ್ದಿದ್ದು. ಅಂಡ ಹೊರಬರಬೇಕಾದರೆ ಎಲ್‌ಎಚ್ ಒಮ್ಮೆಲೇ ನುಗ್ಗಬೇಕು. ಅದಕ್ಕೆ ರಕ್ತದಲ್ಲಿ ಎಸ್ಟ್ರಡಯಾಲ್ (ಈಸ್ಟ್ರೊಜನ್‌ನ ಮುಖ್ಯ ರೂಪ) ಮಿಲಿಲೀಟರಿಗೆ ಸುಮಾರು 200 ಪಿಕೊಗ್ರಾಂ ದಾಟಿ, ಹತ್ತಿರ ಹತ್ತಿರ ಎರಡು ದಿನ ಅಲ್ಲೇ ನಿಲ್ಲಬೇಕು. ಇದು ಟ್ಯಾಂಕಿನ ಲೆಕ್ಕ ಅಲ್ಲ, ಕೆರೆಯ ಲೆಕ್ಕ: ಒಂದು ಮಟ್ಟದವರೆಗೆ ಸುಮ್ಮನಿದ್ದ ಕೆರೆ, ಅದು ದಾಟಿದ ಗಳಿಗೆ ಕೋಡಿ ಬೀಳುತ್ತೆ. ಅಲ್ಲಿವರೆಗೆ ಎಲ್‌ಎಚ್ ತಡೆದ ಅದೇ ಈಸ್ಟ್ರೊಜನ್ ಈಗ ಅದನ್ನು ಎಬ್ಬಿಸುತ್ತೆ. ಸರಿ, ಆದರೆ ಮೆದುಳಿನ ಕಣ್ಣೇ ಕಟ್ಟಿದ್ದೀವಲ್ಲ, ಮಟ್ಟ ದಾಟಿದ್ದು ಅದಕ್ಕೆ ಗೊತ್ತಾಗೋದು ಹೇಗೆ?

ಉತ್ತರ ಆ ಐದು ದಿನದಲ್ಲೇ ಇದೆ. ಮಾತ್ರೆ ನಿಲ್ಲುತ್ತೆ, ಬೆಳೆಯೋಕೆ ಶುರುವಾದ ಫಾಲಿಕಲ್ ನಿಲ್ಲಲ್ಲ. ಅದು ತಾನೇ ದಿನಾ ಇನ್ನಷ್ಟು ಎಸ್ಟ್ರಡಯಾಲ್ ತಯಾರಿಸುತ್ತೆ. ಕ್ಲೋಮಿಫೀನ್ ನಿಧಾನ ಖಾಲಿಯಾಗೋ ಔಷಧ, ಅರ್ಧ ಆಗೋಕೇ 5ರಿಂದ 7 ದಿನ ಬೇಕು. ಅಂದರೆ ಕಟ್ಟಿದ ಬಟ್ಟೆ ಒಂದೇ ಸಲ ಬಿಚ್ಚಲ್ಲ, ಸಡಿಲ ಆಗ್ತಾ ಹೋಗುತ್ತೆ. ಒಂದು ಕಡೆ ಔಷಧ ಇಳಿಯುತ್ತೆ, ಇನ್ನೊಂದು ಕಡೆ ಎಸ್ಟ್ರಡಯಾಲ್ ಏರುತ್ತೆ. ಎಸ್ಟ್ರಡಯಾಲ್ ಗೆದ್ದ ದಿನ ಕೋಡಿ. ಅದಕ್ಕೇ ಕೊನೆ ಮಾತ್ರೆಯಾದ 5ರಿಂದ 10 ದಿನದೊಳಗೆ ಅಂಡ ಬಿಡುಗಡೆ. ಲೆಕ್ಕವನ್ನು ಮೊದಲ ಮಾತ್ರೆಯಿಂದಲ್ಲ, ಕೊನೇದರಿಂದ ಹಾಕಿ: 3ನೇ ದಿನ ಶುರು ಮಾಡಿದರೆ 7ಕ್ಕೆ ಮುಗಿಯುತ್ತೆ, ಕಾಯಬೇಕಾದ್ದು 12ರಿಂದ 17. ಫಾಲಿಕ್ಯುಲರ್ ಸ್ಟಡಿಗೆ (ಫಾಲಿಕಲ್ ಎಷ್ಟು ಬೆಳೆದಿದೆ ಅಂತ ನೋಡೋ ಸ್ಕ್ಯಾನ್‌ಗೆ) ಆಕೆ ಮತ್ತೆ ಬಂದಾಗ ಇದನ್ನೇ ಹೇಳಿದೆ: "ಅಕ್ಕಾ, ಮಾತ್ರೆ ಮುಗಿದ ಮೇಲೇನೇ ನಿಜವಾದ ಕೆಲಸ ಇರೋದು."

ಕೋಡಿ ತಾನಾಗಿ ಬೀಳದಿದ್ದರೆ ಎಚ್‌ಸಿಜಿ ಅನ್ನೋ ಹಾರ್ಮೋನಿನ ಇಂಜೆಕ್ಷನ್. ಅದು ಎಲ್‌ಎಚ್‌ನ ರಿಸೆಪ್ಟರ್‌ಗೇ ಅಂಟುತ್ತೆ, ಸುಮಾರು 36 ಗಂಟೆಯಾದ ಮೇಲೆ ಅಂಡ ಹೊರಗೆ.

ಇದೇ ಕೆಲಸಕ್ಕೆ ಕೊಡೋ ಇನ್ನೊಂದು ಮಾತ್ರೆ ಲೆಟ್ರೊಜೋಲ್ ಕಣ್ಣು ಕಟ್ಟಲ್ಲ, ನೀರನ್ನೇ ಇಳಿಸುತ್ತೆ: ಅರೊಮಟೇಸ್ ಅನ್ನೋ ಕಿಣ್ವ ತಡೆದು ಈಸ್ಟ್ರೊಜನ್ ಆಗೋದನ್ನೇ ಕಡಿಮೆ ಮಾಡುತ್ತೆ. ಎರಡು ದಿನಕ್ಕೆ ಅರ್ಧ ಖಾಲಿ. ಮೆದುಳಿನ ಕಣ್ಣು ತೆರೆದೇ ಇರೋದರಿಂದ ಒಂದು ಫಾಲಿಕಲ್ ದೊಡ್ಡದಾದ ಕೂಡಲೇ ಎಫ್‌ಎಸ್‌ಎಚ್ ತಾನಾಗಿ ಇಳಿಯುತ್ತೆ, ಉಳಿದವು ಒಣಗುತ್ತವೆ. ಅಮೆರಿಕದಲ್ಲಿ ಪಿಸಿಒಎಸ್ (ಅಂಡ ಸರಿಯಾಗಿ ಬಿಡುಗಡೆಯಾಗದ ಒಂದು ಹಾರ್ಮೋನ್ ತೊಂದರೆ) ಇದ್ದ 750 ಹೆಂಗಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಗು ಹುಟ್ಟಿದ್ದು ಲೆಟ್ರೊಜೋಲ್‌ನಲ್ಲಿ 27.5%, ಕ್ಲೋಮಿಫೀನ್‌ನಲ್ಲಿ 19.1%. ಸೀನಿಯರ್‌ಗಳ ಹಳೇ ನೋಟ್ಸ್‌ನಲ್ಲಿ "ನಿಷೇಧ" ಅಂತಿದ್ದರೆ ತಿದ್ದಿಕೊಳ್ಳಿ. ಬಂಜೆತನದ ಚಿಕಿತ್ಸೆಗೆ ಭಾರತ ಇದನ್ನು 2011ರಲ್ಲಿ ನಿಷೇಧಿಸಿತ್ತು, 2017ರಲ್ಲಿ ತೆರವಾಯಿತು.

ಗೊನಡೊಟ್ರೊಪಿನ್ ಇಂಜೆಕ್ಷನ್ ಅಂದರೆ ವಾಟರ್‌ಮ್ಯಾನ್‌ನ ಕೇಳದೇ ಎಫ್‌ಎಸ್‌ಎಚ್ ನೇರ ಸುರಿಯೋದು. ಆರಿಸೋರು ಇಲ್ಲ, ಹಾಗಾಗಿ ಸ್ಕ್ಯಾನ್ ತಪ್ಪಿಸುವಂತಿಲ್ಲ. ಇಂಜೆಕ್ಷನ್ ಆದವರು ಹೊಟ್ಟೆ ಉಬ್ಬರ, ಏದುಸಿರು, ಮೂತ್ರ ಕಡಿಮೆ ಅಂತ ಬಂದರೆ ಗ್ಯಾಸ್ ಅಂದುಕೊಂಡು ಕೂರಿಸಬೇಡಿ, ಅಂಡಾಶಯ ಅತಿಯಾಗಿ ಕೆರಳಿರಬಹುದು, ತಕ್ಷಣ ಡಾಕ್ಟರನ್ನು ಕರೀರಿ.